ನೂರರಲ್ಲಿ ಹನ್ನೆರಡು

“ಕಿವ್ಯಾಗ ಅರಳಿ ಇಟ್ಟಕೊಂಡ್ರ ಹೊರಗಿನ ಮಾತು ಒಳಗ ಬರೂದು ನಿಂತೀತು. ಒಳಗ ಹೊಕ್ಕು ಕುಂತದ್ದು ಎದ್ದು ಹೋಗತೈತೇನ?” ಅಂದಳು ದೇವಕ್ಕ.

ಕಸ್ತೂರಿಗೆ ಕೇಳಿಸಿತು. ಹತ್ತಿಯ ಉಂಡೆ ಎಷ್ಟು ಬಿಗಿಯಾಗಿ ತುರುಕಿಕೊಂಡರೂ ದೇವಕ್ಕನ ದನಿ ಗೋಡೆ ದಾಟಿ ಬರುವಂಥದ್ದು. ಆದರೂ ಕೇಳದವಳಂತೆ ಜೋಳದ ಹಿಟ್ಟಿನ ಉಂಡೆ ಎತ್ತಿಕೊಂಡು ರೊಟ್ಟಿ ಬಡಿಯತೊಡಗಿದಳು.

“ಕೇಳಿಸಿಲ್ಲ ಅನ್ನೂವ್ರಂಗ ಮಾಡಬ್ಯಾಡ. ನಾ ಮಾತಾಡಿದ ಕೂಡ್ಲೆ ನಿನ್ನ ಕೈ ನಿಂತಿತ್ತು. ಕೈಗೂ ಕಿವಿ ಹುಟ್ಟ್ಯಾವೇನ?”

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಒಂದು ಕಿವಿಯ ಹತ್ತಿ ತೆಗೆದಳು. “ಇನ್ನೊಂದ ದಿನ ತಡಕೋ ಯಕ್ಕಾ. ನಾಳೆ ಮೂರನೇ ಸಲ ಟೊಪ್ಪಿಗಿ ಹಾಕ್ಕೊಳ್ಳೂದೈತಿ. ಅದೊಂದು ಮುಗೀಲಿ, ಆಮ್ಯಾಲೆ ವರ್ಷಗಟ್ಟಲೆ ಬೈ, ಕೇಳತೀನಿ.”

“ವರ್ಷ ಎಲ್ಲಿಂದ ತರ್ಲೆ?”

“ಅದನ್ನ ತರಾಕ ಹೊಂಟೀನಲ್ಲ.”

“ನಾ ಬ್ಯಾಡ ಅಂದೀನಿ. ನನಗ ಐವತ್ತಾರು ತುಂಬ್ಯಾವು. ನಿನಗ ಕಾಲೇಜಿಗೆ ಹೋಗೂ ಮಗಳು ಅದಾಳ. ನಿನ್ನ ಹೊಟ್ಟಿ ಕೊಯ್ಸಿ ನಾ ಬದುಕಿದ್ರ ನನಗ ಉಂಡದ್ದು ಕರಗೂದಿಲ್ಲ.”

“ಈಗರೆ ಎಲ್ಲೆ ಕರಗಾಕತ್ತೈತಿ, ಬಿಡು,” ಅಂದು ಕಸ್ತೂರಿ ಹತ್ತಿಯನ್ನು ಮತ್ತೆ ಕಿವಿಗೆ ತುರುಕಿದಳು.

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಇವರಿಬ್ಬರನ್ನೂ ಅರಿಯದವರಿಲ್ಲ. ಇಬ್ಬರೂ ನೆಗೆಣ್ಣಿಯರು: ಅಣ್ಣನ ಹೆಂಡತಿ ದೇವಕ್ಕ, ತಮ್ಮನ ಹೆಂಡತಿ ಕಸ್ತೂರಿ. ಮನೆಯ ಪಡಸಾಲೆಯೇ ಅವರ ರೊಟ್ಟಿ ಕೇಂದ್ರ. ಊರಿನ ಆರು ಖಾನಾವಳಿಗಳು ಇವರ ರೊಟ್ಟಿಯ ಮೇಲೆ ಬದುಕಿದ್ದವು. ಮೂರು ವರ್ಷದ ಹಿಂದೆ ದೇವಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರ ಆಕೆಯ ರಕ್ತ ತೊಳೆದು ಕಳಿಸುತ್ತಿತ್ತು. ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೈಯ ನರಗಳೆಲ್ಲ ಸೋತಿದ್ದವು. ಹೀಗೇ ಆದರೆ ಇನ್ನು ನಾಲ್ಕೈದು ತಿಂಗಳು, ಆಮೇಲೆ ಸೂಜಿಗೆ ಜಾಗವೇ ಇರುವುದಿಲ್ಲ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು. ದೇವಕ್ಕನಿಗೆ ಗಂಡನಿಲ್ಲ, ಮಕ್ಕಳಾಗಲಿಲ್ಲ. ತವರಿನ ಒಬ್ಬನೇ ತಮ್ಮನ ರಕ್ತ ಹೊಂದಲಿಲ್ಲ. ಹೊಂದಿದ್ದು ಕಸ್ತೂರಿಯದು. ರಕ್ತ, ಮಾಂಸ, ಡಾಕ್ಟರರು ನೋಡುವ ಎಲ್ಲವೂ, ಒಡಹುಟ್ಟಿದವರಂತೆ ಹೊಂದಿತ್ತು.

ಅಡ್ಡವಾದದ್ದು ಒಂದೇ: ಖರೇ ಟೊಪ್ಪಿಗಿ.

ಸರ್ಕಾರದ ಕಾಗದದಲ್ಲಿ ಅದರ ಹೆಸರು ಸ್ವ-ಇಚ್ಛಾ ಮಾಪಕ. ಮೊದಲೆಲ್ಲ ಅಂಗ ಕೊಡುವವರು ‘ನಾನು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೇನೆ’ ಎಂದು ಬರೆದ ಕಾಗದಕ್ಕೆ ಸಹಿ ಮಾಡಿದರೆ ಮುಗಿಯುತ್ತಿತ್ತು. ಸಹಿಗೇನು, ಯಾರು ಬೇಕಾದರೂ ಮಾಡುತ್ತಾರೆ. ಅತ್ತೆಗೆ ಬೇಕೆಂದು ಸೊಸೆಯನ್ನು, ಮಾವನಿಗೆ ಬೇಕೆಂದು ಸೊಸೆಯನ್ನು, ಮೈದುನನಿಗೆ ಬೇಕೆಂದು ಮತ್ತೆ ಸೊಸೆಯನ್ನೇ ಹಿಡಿದು ತಂದು ಕೂರಿಸುತ್ತಿದ್ದರು. ಆ ಹೆಣ್ಣುಮಕ್ಕಳನ್ನು ಕಾಯಲೆಂದೇ ಐದು ವರ್ಷದ ಹಿಂದೆ ಕಾಯ್ದೆ ಬಂತು, ಕಾಯ್ದೆಯ ಹಿಂದೆ ಟೊಪ್ಪಿಗೆ ಬಂತು. ಕೊಡುವವರ ತೀರ್ಮಾನದಲ್ಲಿ ಅವರದೇ ಪಾಲು ನೂರಕ್ಕೆ ಐವತ್ತಾದರೂ ಇರಬೇಕು. ಮೂರು ಸಲ ಕೂರಬಹುದು. ಮೂರರಲ್ಲೂ ಬರದಿದ್ದರೆ ಕಡತ ಮುಚ್ಚಿದಂತೆ.

ಕಸ್ತೂರಿಗೆ ಮೊದಲನೇ ಸಲ ಹದಿನಾಲ್ಕು ಬಂದಿತ್ತು. ಎರಡನೇ ಸಲ ಹನ್ನೊಂದು.

ಆ ಎರಡನೇ ಸಲ ನಡೆದದ್ದೇ ಆಕೆಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಸ್ಪತ್ರೆಯ ಮೂರನೇ ಮಹಡಿಯ ತಣ್ಣನೆಯ ಕೋಣೆ. ತಲೆಯ ಮೇಲೆ ನೂರಾರು ಸಣ್ಣ ಗುಂಡಿಗಳಿರುವ ಮೆತ್ತನೆಯ ಟೊಪ್ಪಿಗೆ. ಎದುರಿಗೆ ಡಾಕ್ಟರ್ ರೇಹಾನಾ ನದಾಫ್, ಮೂವತ್ತೈದರ ಹೆಣ್ಣುಮಗಳು, ಮಾತಿನಲ್ಲಿ ಧಾರವಾಡದ ಮೆದುತನ ಇದ್ದವರು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಅವರೇ ತಿಳಿಸಿ ಹೇಳಿದ್ದರು.

“ನೀವು ಏನರೆ ಒಂದು ಮಾಡಬೇಕು ಅಂತ ತೀರ್ಮಾನ ತಗೊಂಡೆ ಅಂದ್ಕೊತೀರಲ್ಲ, ಅದಕ್ಕಿಂತ ಸ್ವಲ್ಪ ಮೊದಲ ಮೆದುಳಿನಾಗ ತಯಾರಿ ನಡದಿರತೈತ್ರಿ. ಆ ತಯಾರಿ ಒಳಗ ಏನೇನು ಎದ್ದು ಬರತಾವು ಅಂತ ಈ ಟೊಪ್ಪಿಗಿ ನೋಡತೈತಿ. ಯಾವಾಗೋ ಯಾರೋ ಅಂದ ಮಾತು ನೆನಪಾದ್ರ ಕೇಳೂ ಜಾಗ ಮಿನುಗತೈತಿ, ಕಿವ್ಯಾಗ ಈಗ ಯಾರೋ ಮಾತಾಡಿದಂಗ. ಅಂಥಾ ದನಿಗಳನ್ನೆಲ್ಲಾ ಒಂದು ಕಡೆ ಹಾಕತೈತಿ. ಉಳದದ್ದು ನಿಮ್ಮದು.”

“ನನ್ನದು ಹನ್ನೊಂದ ಆತೇನ್ರಿ?”

“ಹನ್ನೊಂದು. ನಿಮ್ಮ ತಲೀತುಂಬ ಬ್ಯಾರೆಯವರ ದನೀನ ತುಂಬ್ಯಾವ್ರಿ.” ಅಷ್ಟು ಹೇಳಿ ರೇಹಾನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ್ದರು. “ಅಕ್ಕಾರ, ಒಂದ ಮಾತು. ನಿಮಗ ಕೊಡೂ ಮನಸ್ಸಿಲ್ಲದಿದ್ರ ನನಗ ಹೇಳ್ರಿ. ಕಾಗದದಾಗ ‘ವೈದ್ಯಕೀಯ ಕಾರಣದಿಂದ ಹೊಂದಲಿಲ್ಲ’ ಅಂತ ಅಷ್ಟ ಬರೀತೀನಿ. ಮನ್ಯಾಗ ಯಾರಿಗೂ ಗೊತ್ತಾಗೂದಿಲ್ಲ. ನಿಮ್ಮನ್ನ ಯಾರೂ ಒಂದು ಮಾತು ಅನ್ನೂದಿಲ್ಲ. ಇಲ್ಲಿ ಹಿಂಗ ಎಷ್ಟೋ ಮಂದಿಗೆ ಬರದುಕೊಟ್ಟೀನಿ.”

ಕಸ್ತೂರಿ ಬೆರಗಾಗಿ ನೋಡಿದ್ದಳು. ಇಂಥದ್ದೊಂದು ಬಾಗಿಲಿದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ. “ಇದ ನೀವು ಮಾಡೂ ಪುಣ್ಯೇದ ಕೆಲಸ್ರಿ,” ಎಂದಷ್ಟೇ ಅಂದು, “ಆದ್ರ ನನಗ ಕೊಡೂದೈತಿ,” ಎಂದು ಎದ್ದು ಬಂದಿದ್ದಳು. ರೇಹಾನಾ ಅದನ್ನು ನಂಬಿದಂತೆ ಕಾಣಲಿಲ್ಲ. ನಂಬುವುದಾದರೂ ಹೇಗೆ? ಹೆದರಿದ ಸೊಸೆಯರೆಲ್ಲ ಹೇಳುವುದು ಇದೇ ಮಾತನ್ನು.

ದಾರಿಯುದ್ದಕ್ಕೂ ಕಸ್ತೂರಿಯ ತಲೆಯಲ್ಲಿ ಒಂದೇ ವಿಚಾರ. ತಲೆಯಲ್ಲಿ ದನಿ ತುಂಬಿದ್ದರೆ ಖಾಲಿ ಮಾಡಬೇಕು. ತುಂಬಿದ ಕೊಡ ಖಾಲಿ ಆಗಬೇಕಾದರೆ ಮೊದಲು ನಳ ಬಂದ್ ಮಾಡಬೇಕು. ಅದಕ್ಕೇ ಕಿವಿಗೆ ಹತ್ತಿ. ಎಂಟು ದಿನ ಯಾರ ಮಾತನ್ನೂ ಒಳಗೆ ಬಿಡದಿದ್ದರೆ ಹಳೆಯವು ತಾವಾಗಿಯೇ ಬತ್ತಿಹೋಗುತ್ತವೆ ಎಂಬುದು ಆಕೆಯ ಎಣಿಕೆ.

ಆದದ್ದು ತಿರುಗಾಮುರುಗಾ. ಹೊರಗೆ ನಿಶ್ಶಬ್ದವಾದಷ್ಟೂ ಒಳಗೆ ಸಂತೆ ನೆರೆಯಿತು. ತೀರಿಹೋಗಿ ಹನ್ನೊಂದು ವರ್ಷವಾದ ಅಪ್ಪ ಬಂದು ಎಲೆಅಡಿಕೆ ಚೀಲ ಎಲ್ಲಿ ಎಂದು ಕೇಳಿದ. ನಾಲ್ಕನೇ ಇಯತ್ತೆಯ ಟೀಚರ್ ಬಂದು ಹದಿನೇಳರ ಮಗ್ಗಿ ಒಪ್ಪಿಸು ಅಂದರು. ಪಾತ್ರೆಗೆ ಕಲಾಯಿ ಹಾಕುವವನು, ಬಳೆಗಾರ ಮುದುಕ, ಆಣೂರಿನ ಸೋದರತ್ತೆ, ಎಲ್ಲರೂ ಬಂದರು. ರೊಟ್ಟಿ ಬಡಿಯುತ್ತ ಕೂತ ಕಸ್ತೂರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇವರೆಲ್ಲ ಇಷ್ಟು ವರ್ಷ ಎಲ್ಲಿದ್ದರು? ಒಬ್ಬೊಬ್ಬರದೂ ಒಂದೊಂದು ಮಾತು ಹೀಗೆ ಜತನವಾಗಿ ಉಳಿದುಕೊಂಡಿದೆಯಲ್ಲ ಎಂದು ಒಂದು ಕಡೆ ಸಮಾಧಾನವೂ ಆಯಿತು. ಇವರನ್ನೆಲ್ಲ ಹೊರಗೆ ಹಾಕಿದರೆ ಆಮೇಲೆ ಉಳಿಯುವ ಆ ಕಸ್ತೂರಿ ಯಾರು ಎಂದು ಒಂದು ಗಳಿಗೆ ಅನ್ನಿಸಿತು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಆ ವಿಚಾರ ಅಲ್ಲಿಗೇ ಬಿಟ್ಟಳು.

ಸಂಜೆ ಕಸ್ತೂರಿಯ ಗಂಡ ಫಕೀರಪ್ಪ ಬಸ್ ಡಿಪೋದಿಂದ ಬಂದ. ಅಲ್ಲಿ ಅವನು ಮೆಕ್ಯಾನಿಕ್. ಬಚ್ಚಲಲ್ಲಿ ಸೋಪಿನ ಪುಡಿ ಹಾಕಿ ಕೈಯ ಗ್ರೀಸು ತಿಕ್ಕುತ್ತಲೇ ಮಾತು ತೆಗೆದ. ಹೆಂಡತಿಯ ಕಿವಿಯಲ್ಲಿ ಹತ್ತಿ ಇದೆಯೆಂದು ದನಿ ಎರಡು ಪಟ್ಟು ಏರಿಸಿದ್ದರಿಂದ ಓಣಿಗೆಲ್ಲ ಕೇಳುತ್ತಿತ್ತು.

“ನಾಳೆ ಹೋಗೂದ ಅಂದಂಗಾತು.”

“ಹೌದ್ರಿ.”

“ಮತ್ತೊಮ್ಮೆ ಹೇಳತೀನಿ, ಬ್ಯಾಡ.”

“ಸಹಿ ಮಾಡೀರಲ್ರಿ ನೀವು.”

“ಮೂರ ದಿನ ಉಪಾಸ ಕುಂತಿ. ಸಹಿ ಮಾಡದ ಏನ ಮಾಡಲಿ? ಆ ಟೊಪ್ಪಿಗಿ ನನ್ನ ತಲೀಗೆ ಹಾಕಬೇಕಿತ್ತು. ಆ ಸಹಿ ನನ್ನ ಸ್ವಂತ ಇಚ್ಛಾದ್ದಲ್ಲ ಅಂತ ಒಂದ ನಿಮಿಷದಾಗ ಹೇಳತಿತ್ತು.”

ಕಸ್ತೂರಿ ಟವೆಲ್ ತಂದು ಕೊಟ್ಟಳು. ಅವನು ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತ. ದನಿ ಇಳಿಯಿತು. “ದೇವಕ್ಕ ವೈನಿ ಉಳೀಬೇಕು ಅಂತ ನನಗಿಲ್ಲೇನ? ನನ್ನ ಜ್ವರದಾಗ ರಾತ್ರಿ ಹಗಲಿ ಕುಂತಾಕಿ ಆಕಿ. ಆದ್ರ ಕಸ್ತೂರಿ, ಎಂಜಿನ್ನಿನ ಒಂದು ಸಾಮಾನು ತಗದು ಇನ್ನೊಂದಕ್ಕ ಹಾಕಿ ಎರಡೂ ನಿಂತದ್ದು ಡಿಪೋದಾಗ ನೋಡೀನಿ ನಾ.”

“ನಾ ಬಸ್ಸಲ್ರಿ.”

“ಗೊತ್ತೈತಿ. ಬಸ್ಸಾದ್ರ ಇಷ್ಟ ಅಂಜತಿದ್ದಿಲ್ಲ.”

ಈ ಮಾತುಗಳೊಂದೂ ಆಸ್ಪತ್ರೆಗೆ ತಲುಪಿರಲಿಲ್ಲ. ಅರ್ಜಿಯಲ್ಲಿ ‘ಮನೆಯವರ ಅಭಿಪ್ರಾಯ’ ಎಂಬ ಸಾಲಿನ ಎದುರು ಕಸ್ತೂರಿ ತನ್ನ ಕೈಯಾರೆ ‘ಎಲ್ಲರದೂ ಸಂತೋಷದ ಒಪ್ಪಿಗೆ ಇದೆ’ ಎಂದು ಬರೆದಿದ್ದಳು. ಮನೆಯ ಜಗಳವನ್ನು ಸರ್ಕಾರದ ಕಾಗದದಲ್ಲಿ ಯಾರಾದರೂ ಬರೆಯುತ್ತಾರೆಯೇ? ನಾಲ್ಕು ಗೋಡೆಯ ನಡುವೆ ಎಷ್ಟು ಗದ್ದಲವಿದ್ದರೂ ಹೊಸ್ತಿಲ ಆಚೆಗೆ ‘ನಮ್ಮ ಮನೆಯಲ್ಲಿ ಎಲ್ಲಾ ಸರಿ ಐತ್ರಿ’ ಎನ್ನುವುದು ಆಕೆಗೆ ಹುಟ್ಟಿನಿಂದ ಬಂದ ಮಾತು. ಡಾಕ್ಟರರ ಎದುರೂ ಅದನ್ನೇ ಹೇಳಿದ್ದಳು. ಮೊದಲೆರಡು ಸಲ ಡಾಕ್ಟರರು ಮನೆಯವರ ಬಗ್ಗೆ ಕೆದಕಿ ಕೇಳಬಾರದೆಂಬ ನಿಯಮವೂ ಇತ್ತು. ಕೇಳಿದ ಪ್ರಶ್ನೆಯೇ ಒಂದು ದನಿಯಾಗಿ ತಲೆಯಲ್ಲಿ ಕೂತುಬಿಡುತ್ತದೆಯಂತೆ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆ ತಲುಪಿದರು. ಅಂದು ದೇವಕ್ಕನ ರಕ್ತ ತೊಳೆಯುವ ದಿನವಲ್ಲ. ಆದರೂ “ಈ ಹುಚ್ಚಿ ಏನ ಮಾಡಕೊಂಡು ಬರತಾಳ ನೋಡಬೇಕು” ಎಂದು ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಕಸ್ತೂರಿ ಒಬ್ಬಳೇ ಒಳಗೆ ಹೋದಳು.

ಟೊಪ್ಪಿಗೆ ಹಾಕುವ ಮೊದಲು ರೇಹಾನಾ ಆಕೆಯ ಕಿವಿಯಿಂದ ಹತ್ತಿ ತೆಗೆದರು. ತೆಗೆದಷ್ಟೂ ಬಂತು.

“ಇದೇನ್ರಿ ಇಷ್ಟ ಅರಳಿ? ನಮ್ಮ ಮುತ್ಯಾ ಕಂಡಿದ್ರ ಒಂದು ದಿಂಬ ಹೊಲದು ಕೊಡತಿದ್ದ.”

“ನಿಮ್ಮ ಮುತ್ಯಾ ಗಾದಿ ಹೊಲೀತಿದ್ರೇನ್ರಿ?”

“ನದಾಫ್ ಅಂದ್ರ ಮತ್ತೇನ್ರಿ, ಪಿಂಜಾರರು. ಬಿಲ್ಲ ಹೆಗಲಿಗೆ ಹಾಕ್ಕೊಂಡು ಓಣಿ ಓಣಿ ಅಡ್ಡಾಡಿ ಅರಳಿ ಹಿಂಜತಿದ್ದ. ನಾ ಸಣ್ಣಾಕಿದ್ದಾಗ ಮುಂದ ಕುಂತು ನೋಡಾಕಿ, ಮೂಗಿನಾಗೆಲ್ಲಾ ಅರಳಿ.” ರೇಹಾನಾ ಟೊಪ್ಪಿಗೆಯ ಪಟ್ಟಿ ಬಿಗಿದರು. “ಕಣ್ಣ ಮುಚ್ಚರಿ. ನಿಮ್ಮ ಅಕ್ಕಗ ಕೊಡೂ ವಿಚಾರ ಮನಸ್ಸಿಗೆ ತಂದುಕೊಳ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ.”

ಕಸ್ತೂರಿ ಕಣ್ಣು ಮುಚ್ಚಿದಳು. ಎಂಟು ದಿನ ಹಸಿದಿದ್ದ ದನಿಗಳೆಲ್ಲ ಒಮ್ಮೆಗೇ ಪಂಕ್ತಿಗೆ ಕೂತಂತಾಯಿತು. ಸುಮ್ಮನಿರ್ರಪಾ ಎಂದು ಅವಕ್ಕೆ ಒಳಗೊಳಗೇ ಕೈ ಮುಗಿದಳು. ಅವು ಸುಮ್ಮನಾಗಲಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ರೇಹಾನಾ ಪರದೆ ನೋಡಿ ಉಸಿರುಬಿಟ್ಟರು. “ಹನ್ನೆರಡು.”

ಗೋಡೆಯ ಮೇಲಿನ ಎ.ಸಿ. ಒಂದೇ ಗುಂಯ್‌ಗುಡುತ್ತಿತ್ತು.

“ನಾನೇನೂ ಮಾಡಾಕ ಬರೂದಿಲ್ಲ ಅಕ್ಕಾರ. ಕಡತ ಮುಚ್ಚಬೇಕಾಗತೈತಿ.” ರೇಹಾನಾ ಪೆನ್ನು ಕೈಗೆತ್ತಿಕೊಂಡರು. “ಹಂಗಾದ್ರ ಹೊಂದಲಿಲ್ಲ ಅಂತ ಬರದುಬಿಡ್ಲೇನು? ಮನ್ಯಾಗ ನಿಮ್ಮನ್ನ ಬೈಬಾರದು ನೋಡ್ರಿ.”

ಕಸ್ತೂರಿಯ ಕಣ್ಣಲ್ಲಿ ನೀರಿತ್ತು. ಆದರೂ ಆ ಮಾತಿಗೆ ಆಕೆಗೆ ನಗುವೇ ಬಂತು. “ಬೈಯೂದೇನ್ರಿ? ಪೇಡೆ ಹಂಚತಾರ್ರಿ ಅವರು.”

ಪೆನ್ನು ನಿಂತಿತು. “ಏನಂದ್ರಿ?”

“ಏನಿಲ್ಲ ಬಿಡ್ರಿ.”

“ಇಲ್ಲ, ಹೇಳ್ರಿ. ಯಾಕ ಪೇಡೆ ಹಂಚತಾರ?”

ಇನ್ನು ಮುಚ್ಚಿಟ್ಟು ಏನು ಸಾಧಿಸುವುದಿದೆ? ಕಸ್ತೂರಿ ಎಲ್ಲ ಹೇಳಿದಳು. ಗಂಡ ಒಲ್ಲೆ ಅಂದದ್ದು, ಮೂರು ದಿನ ಉಪವಾಸ ಕೂತು ಸಹಿ ಹಾಕಿಸಿಕೊಂಡದ್ದು, ಮಗಳು ವಾರ ಮಾತು ಬಿಟ್ಟದ್ದು, ತವರಿನ ಅವ್ವ ಫೋನಿನಲ್ಲಿ ಅತ್ತದ್ದು. ಎಲ್ಲಕ್ಕೂ ಮೇಲಾಗಿ ದೇವಕ್ಕ ದಿನಕ್ಕೆ ಹತ್ತು ಸಲ ಬೈಯುವುದು. “ನಾ ಬರದದ್ದು ಸುಳ್ಳರಿ ಮೇಡಂ. ತಪ್ಪಾತು. ಮನಿ ಮರ್ಯಾದಿ ಅಂತ ಬರದೆ.”

ರೇಹಾನಾ ಪರದೆಯ ಕಡೆ ತಿರುಗಿ, ಮೇಜಿನ ಮೇಲೆ ಬಿದ್ದಿದ್ದ ಹತ್ತಿಯ ಗಂಟನ್ನು ಎಡಗೈಯಲ್ಲಿ ಎತ್ತಿಕೊಂಡು ಹಿಚುಕುತ್ತ ಕೂತರು.

“ನಮ್ಮ ಮುತ್ಯಾ ಒಂದ ಮಾತು ಹೇಳತಿದ್ದ,” ಅಂದರು ಕಡೆಗೆ. “ಗಂಟ ತೂಗಿದ್ರ ತೂಕ ಅಷ್ಟ ತಿಳೀತೈತಿ. ಎಳಿ ಎತ್ತಾಗ ಹೊಂಟಾವು ತಿಳೀಬೇಕಂದ್ರ ಹಿಂಜಬೇಕು ಅಂತ. ಐದು ವರ್ಷ ಬರೇ ಗಂಟ ತೂಗಿಕೋತ ಕುಂತೀನಲ್ಲ ನಾನು. ಕಣ್ಣ ಮುಚ್ಚರಿ ಅಕ್ಕಾರ, ಇನ್ನೊಮ್ಮೆ ನೋಡೂನು. ಇದು ನಾಕನೇ ಸಲ ಅಲ್ಲ, ಮೂರನೇದ್ದನ್ನ ಹಿಂಜೂದು.”

ಅಂದಿನ ಅಲೆಗಳನ್ನೆಲ್ಲ ಪರದೆಯ ಮೇಲೆ ನಿಧಾನಕ್ಕೆ ಬಿಚ್ಚಿದರು. ಮನಸ್ಸು ಒಂದು ಕೆಲಸಕ್ಕೆ ಹೊರಟಾಗ ‘ತಡಿ’ ಎಂದು ಹಿಡಿದು ನಿಲ್ಲಿಸುವ ಒಂದು ಜಾಗ ಮೆದುಳಿನಲ್ಲಿದೆ, ಹಣೆಯ ಬಲಕ್ಕೆ, ಸ್ವಲ್ಪ ಹಿಂದೆ. ಬಸ್ಸಿನ ಬ್ರೇಕ್ ಇದ್ದಂತೆ. ಅದು ಮಿನುಗುವುದನ್ನೂ ಟೊಪ್ಪಿಗೆ ಬರೆದಿಡುತ್ತಿತ್ತು. ಆದರೆ ಮೊತ್ತ ಕೂಡಿಸುವಾಗ ದನಿಗಳ ಬಲವನ್ನಷ್ಟೇ ಕೂಡಿಸುತ್ತಿತ್ತು, ದನಿ ಮುಂದಕ್ಕೆ ದೂಡುತ್ತಿದೆಯೋ ಹಿಂದಕ್ಕೆ ಎಳೆಯುತ್ತಿದೆಯೋ ಎಂದು ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಮನೆಯವರೇ ಬೇಡವೆಂದರೆ ಈ ಮೂರನೇ ಮಹಡಿಗೆ ಯಾರು ಬರುತ್ತಾರೆ? ಅದೂ ಮೂರು ಸಲ?

“ಇಲ್ಲಿ ಒಂದು ದನಿ ಎದ್ದೈತಿ. ಯಾರದು ನೆನಪೈತೇನ್ರಿ?”

“ನಮ್ಮ ಮನಿಯವರದು.”

“ಏನಂತಾರ?”

“ಬ್ಯಾಡ ಅಂತಾರ್ರಿ.”

ಬ್ರೇಕಿನ ಜಾಗ ಕೆಂಪಗೆ ಮಿನುಗಿತ್ತು. ರೇಹಾನಾ ಗುರುತು ಹಾಕಿಕೊಂಡರು.

“ಇದು?”

“ಮಗಳು. ‘ಅವ್ವಾ, ನಿನಗ ತಲಿ ಕೆಟ್ಟೈತಿ’ ಅಂತಾಳ.”

“ಇದು ಭಾಳ ಜೋರ ಐತಲ್ರಿ. ಎಲ್ಲಾದಕ್ಕಿಂತ ಜೋರ.”

“ಅದು ಯಕ್ಕ. ಏನಂತಾಳ ಕೇಳಬ್ಯಾಡ್ರಿ, ನಿಮ್ಮ ಮುಂದ ಹೇಳೂ ಮಾತಲ್ಲ ಅವು.”

“ಇದು?”

“ನಮ್ಮಪ್ಪ. ಸತ್ತು ಹನ್ನೊಂದ ವರ್ಷ ಆತು, ಅಂವಾನೂ ಬ್ಯಾಡ ಅನ್ನಾಕತ್ತಾನ.”

ಹೀಗೆ ಒಂದೊಂದೇ ಎಳೆ ಬಿಡಿಸಿದರು. ಎಲ್ಲದರ ಹಿಂದೆಯೂ ಬ್ರೇಕು ಕೆಂಪಾಗಿತ್ತು. ಒಂದು ದನಿಗೆ ಮಾತ್ರ ಆಗಿರಲಿಲ್ಲ.

“ಇದು ಯಾರು? ಇವರು ಬ್ಯಾಡ ಅಂದಿಲ್ಲ.”

ಕಸ್ತೂರಿ ಸಂಕೋಚದಿಂದ ಕಣ್ಣು ತೆರೆದಳು. “ಅದು ನೀವ್ರಿ ಮೇಡಂ. ‘ಮನಸ್ಸಿಲ್ಲದಿದ್ರ ನನಗ ಹೇಳ್ರಿ’ ಅಂದಿದ್ರಲ್ಲ, ಅದು. ಯಾರೂ ನನಗ ಹಂಗ ಕೇಳಿದ್ದಿಲ್ಲ. ಮನ್ಯಾಗ ಎಲ್ಲಾರೂ ಬ್ಯಾಡ ಅಂದ್ರು ಖರೆ, ನಿನ್ನ ಮನಸ್ಸಿನಾಗ ಏನೈತಿ ಅಂತ ಕೇಳಿದವ್ರು ನೀವೊಬ್ಬರ.”

ರೇಹಾನಾ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ.

“ಅಂದ್ರ,” ಅಂದರು, “ಎಂಬತ್ತೆಂಟು ಮಂದಿ ಒಂದು ಕಡೆ ಹಗ್ಗಾ ಜಗ್ಗ್ಯಾರ, ಹನ್ನೆರಡ ಮಂದಿ ಇನ್ನೊಂದು ಕಡೆ. ಗೆದ್ದದ್ದು ಹನ್ನೆರಡು. ಇಷ್ಟ ಜೋರಿನ ಹನ್ನೆರಡು ನಾ ಈತನಕ ಕಂಡಿಲ್ಲ. ಒಬ್ಬಂವಗ ತೊಂಬತ್ತೊಂದು ಬಂದಿತ್ರಿ. ಸಂಭ್ರಮದಿಂದ ಹೇಳಾಕ ಹೋದೆ. ನೋಡಿದ್ರ ಅಂವಗ ಜಗತ್ತಿನಾಗ ಯಾರ ಮಾತೂ ನೆನಪಿದ್ದಿಲ್ಲ, ಯಾರೂ ಅಂವನ ಕೂಡ ಮಾತ ಆಡಿದ್ದಿಲ್ಲ. ನಾ ಡಾಕ್ಟರ್ ಆದದ್ದು ಎಷ್ಟು ನನ್ನ ಇಚ್ಛಾ ಅಂತ ಒಮ್ಮೆ ಈ ಟೊಪ್ಪಿಗಿ ನಾನ ಹಾಕ್ಕೊಂಡು ನೋಡಿದ್ದೆ. ನಾಕು ಬಂತು. ಉಳದದ್ದೆಲ್ಲಾ ನಮ್ಮ ಅಬ್ಬಾನ ಗದ್ದಲ.”

ಕಸ್ತೂರಿ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: “ಆ ಹನ್ನೆರಡು ಯಾರದ್ರಿ ಹಂಗಾದ್ರ?”

“ನಿಮ್ಮದು ಅಂತ ಲೆಕ್ಕ. ನೋಡೂನು.” ರೇಹಾನಾ ಉಳಿದ ಎಳೆಯನ್ನು ದೊಡ್ಡದು ಮಾಡಿದರು. ಹುಬ್ಬು ಗಂಟಿಕ್ಕಿತು. “ಇದರಾಗ ದನೀನ ಇಲ್ಲ. ಕೇಳೂ ಜಾಗ ಕತ್ತಲಿ. ಬದಲಿಗೆ ನೋಡ್ರಿ, ಅಂಗೈ ಜಾಗ ಮಿನುಗಾಕತ್ತೈತಿ. ಅಂಗೈಗೆ ಏನೋ ಬೆಚ್ಚಗಿಂದು ಮುಟ್ಟಿದಂಗ. ಏನಿದು?”

ಕಸ್ತೂರಿಗೆ ಮೊದಲು ತಿಳಿಯಲಿಲ್ಲ. ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿ ನೋಡಿಕೊಂಡಳು. ಆಮೇಲೆ ತಿಳಿಯಿತು.

“ನಾ ಲಗ್ನಾಗಿ ಬಂದಾಗ ಹತ್ತೊಂಬತ್ತರ್ರಿ. ನಮ್ಮ ತವರು ಕರಾವಳಿ ಕಡೆ ಕೆಲಸಕ್ಕ ಹೋದ ಮಂದಿ, ನನಗ ಅನ್ನ ಮಾಡಾಕ ಬರತಿತ್ತು, ರೊಟ್ಟಿ ಬರತಿದ್ದಿಲ್ಲ. ಬಡದ್ರ ಹರೀತಿತ್ತು. ನಮ್ಮತ್ತಿ ಖಡಕ್. ಮೊದಲನೇ ದಿನ ಒಲಿ ಮುಂದ ಕುಂತೀನಿ, ಹರಕ ರೊಟ್ಟಿ ಮುಂದ ಬಿದ್ದಾವು, ಅತ್ತಿ ಹೆಜ್ಜಿ ಸಪ್ಪಳ ಕೇಳಾಕತ್ತೈತಿ. ಯಕ್ಕ ಬಾಜೂ ಒಲಿ ಮುಂದ ಇದ್ಲು. ಒಂದ ಮಾತು ಆಡಲಿಲ್ಲರಿ. ತನ್ನ ದುಂಡನ್ನ ರೊಟ್ಟಿ ತಗದು ನನ್ನ ಕೈಯಾಗ ಇಟ್ಲು. ಬಿಸಿ ಇದ್ವು. ನನ್ನ ಹರಕ ರೊಟ್ಟಿ ತನ್ನ ಮುಂದ ಎಳಕೊಂಡ್ಲು. ಅತ್ತಿ ಬಂದು ಆಕೀನ ಬೈದ್ರು. ಏಳು ವರ್ಷ ಮನಿ ಮಾಡಿ ಇನ್ನೂ ರೊಟ್ಟಿ ಬರೂದಿಲ್ಲೇನ ಅಂತ. ಯಕ್ಕ ತಲಿ ಬಗ್ಗಿಸಿ ಕುಂತ್ಲು. ಹಿಂಗ ಒಂದ ತಿಂಗಳ ನಡೀತು, ನನಗ ಕಲಿಯೂತನಕ. ಆಮ್ಯಾಲೂ ಅದರ ಮಾತ ಎಂದೂ ತಗೀಲಿಲ್ಲ. ನಾನೂ ತಗೀಲಿಲ್ಲ.”

ರೇಹಾನಾ ಆಕೆಯ ತಲೆಯಿಂದ ಟೊಪ್ಪಿಗೆ ತೆಗೆದು ಮೊಳೆಗೆ ನೇತುಹಾಕಿದರು.

“ನೋಡ್ರಿ ಮೇಡಂ,” ಅಂದಳು ಕಸ್ತೂರಿ, “ಆ ಹನ್ನೆರಡೂ ನನ್ನದಲ್ಲ. ಅದೂ ಆಕೀದ. ಬಾಯಿಲೆ ಆಡಿದ್ದೆಲ್ಲಾ ಬ್ಯಾಡ ಅಂತೈತಿ, ಕೈಲೆ ಮಾಡಿದ್ದು ಕೊಡು ಅಂತೈತಿ. ಹಂಗಾದ್ರ ನಾ ಫೇಲ್ ಏನ್ರಿ?”

ರೇಹಾನಾ ಮತ್ತೆ ಪರದೆ ನೋಡಿದರು. ಟೊಪ್ಪಿಗೆ ಮಾತಿಗೆ ಮಾತ್ರ ಕಿವಿಗೊಡುತ್ತಿತ್ತು. ಮಾತಿಲ್ಲದೆ ಬಂದದ್ದನ್ನೆಲ್ಲ ಅದು ‘ಸ್ವಂತದ್ದು’ ಎಂಬ ಪಾಲಿಗೆ ಹಾಕುತ್ತಿತ್ತು. ಇನ್ನೂ ಒಳಗೆ ಹಿಂಜುತ್ತ ಹೋದರೆ ಯಾರ ತಲೆಯಲ್ಲೂ ಸ್ವಂತದ್ದೆಂದು ಒಂದು ಎಳೆಯಾದರೂ ಸಿಗುತ್ತದೋ ಇಲ್ಲವೋ.

“ಒಂದ ಕೇಳತೀನಿ,” ಅಂದರು. “ಆ ಋಣ ತೀರಸಾಕ ಕೊಡಾಕತ್ತೀರೇನು?”

“ತೀರಸಾಕಲ್ರಿ. ತೀರಿಬಿಟ್ರ ಆಕೀಗೂ ನನಗೂ ನಡುವ ಏನ ಉಳೀತು?”

“ಮತ್ತ ಯಾಕ?”

ಕಸ್ತೂರಿ ವಿಚಾರ ಮಾಡಿದಳು. ಸುಳ್ಳು ಹೇಳುವ ಮನಸ್ಸು ಇನ್ನಿರಲಿಲ್ಲ. “ನೀವು ಅವತ್ತು ಬಾಗಲಾ ತಗದು ತೋರ್ಸಿದ್ರಲ್ಲ, ಹೊಂದಲಿಲ್ಲ ಅಂತ ಬರೀತೀನಿ ಅಂತ. ಮನೀಗೆ ಹೋಗಿ ಖರೇನ ವಿಚಾರ ಮಾಡಿದೆ. ಅಂಜಿಕಿ ನನಗೂ ಐತ್ರಿ. ಹೋಗಿಬಿಡಬಹುದಿತ್ತು, ಯಾರಿಗೂ ಗೊತ್ತಾಗತಿದ್ದಿಲ್ಲ. ಹಿಂಗ ಹೋದಾಕಿ ನಾಳೆ ಯಕ್ಕನ ಬಾಜೂ ಕುಂತು ರೊಟ್ಟಿ ಬಡೀತಾಳಲ್ಲ, ಆಕಿ ಯಾರ ಅನಸ್ತು. ಆಕಿ ನನಗ ಪರಿಚಯದಾಕಿ ಅನಸಲಿಲ್ಲ. ಅಷ್ಟರಿ.”

ರೇಹಾನಾ ಕಡತ ಎಳೆದುಕೊಂಡು ಬರೆಯತೊಡಗಿದರು. ಮೂರನೇ ಸಲದ ನಂತರ ಡಾಕ್ಟರರು ಕಾರಣ ಕೊಟ್ಟು ವಿಶೇಷ ಟಿಪ್ಪಣಿ ಬರೆಯಬಹುದೆಂದು ಕಾಯ್ದೆಯಲ್ಲಿ ಒಂದು ಸಾಲಿತ್ತು. ಐದು ವರ್ಷದಲ್ಲಿ ಅದನ್ನು ಅವರು ಬಳಸಿರಲಿಲ್ಲ. ಬರೆದದ್ದನ್ನು ಓದಿ ಹೇಳಿದರು: ‘ಒತ್ತಡ ಇರುವುದು ನಿಜ. ಒತ್ತಡವೆಲ್ಲವೂ ಕೊಡಬಾರದೆಂಬ ಕಡೆಗೆ ಇದೆ. ಹಿಂದೆ ಸರಿಯಲು ದಾರಿ ತೋರಿಸಿದರೂ ಈಕೆ ಸರಿಯಲಿಲ್ಲ. ಅನುಮತಿ ನೀಡಿದೆ.’ ಆಮೇಲೆ ಅಂದರು: “ಇನ್ನ ಮ್ಯಾಲೆ ಬಂದವ್ರನ್ನೆಲ್ಲಾ ಹಿಂಜಿ ನೋಡತೀನಿ ಅಕ್ಕಾರ. ಗಂಟ ತೂಗಿ ಎಷ್ಟ ಮಂದೀನ ವಾಪಸ್ ಕಳಿಸೀನೋ ಗೊತ್ತಿಲ್ಲ. ಹಳೇ ಕಡತಾನೂ ತಗೀತೀನಿ. ನೀವು ಬರದಿದ್ರ ನನಗಿದು ತಿಳೀತಿದ್ದಿಲ್ಲ.”

“ನಿಮ್ಮ ಮುತ್ಯಾಗ ಹೇಳ್ರಿ ಅದನ್ನ,” ಅಂದು ಕಸ್ತೂರಿ ಸಹಿ ಮಾಡಿದಳು. ಸಹಿ ಮಾಡಿದ ಕೈ ಯಾರದು ಎಂದು ಟೊಪ್ಪಿಗೆ ಈಗ ಕೇಳುವಂತಿರಲಿಲ್ಲ, ಅದನ್ನು ಮೊಳೆಗೆ ನೇತುಹಾಕಿಯಾಗಿತ್ತು.

ಹೊರಗೆ ಬೆಂಚಿನ ಮೇಲೆ ದೇವಕ್ಕ ಸೆರಗು ಹೊದ್ದು ಕೂತಿದ್ದಳು. ಕಸ್ತೂರಿ ಬಂದು ಬಾಜೂ ಕೂತಳು.

“ಎಷ್ಟ ಬಂತು?”

“ಹನ್ನೆರಡು.”

“ಮತ್ತ ಫೇಲ್. ಛಲೋ ಆತು. ನಡಿ ಮನೀಗೆ, ಖಾನಾವಳಿಯವ್ರು ರೊಟ್ಟಿಗೆ ಕಾಯತಿರತಾರ.”

“ಪಾಸಾದೆ.”

ದೇವಕ್ಕ ಕತ್ತು ತಿರುಗಿಸಿ ನೋಡಿದಳು. “ನೂರಕ್ಕ ಹನ್ನೆರಡ ಬಂದ್ರ ಪಾಸ್ ಮಾಡೂ ಸಾಲಿ ಯಾವುದಬೇ ಅದು?”

“ಡಾಕ್ಟರ್ ಛಲೋ ಅದಾರ.”

“ನಾ ಬ್ಯಾಡ ಅಂದಿದ್ದೆ.”

“ಮಶಿನ್ನೂ ಅದನ್ನ ಹೇಳಿತು ಯಕ್ಕಾ. ನಿಂದ ಎಲ್ಲಾರಕಿಂತ ಜೋರ ಐತಂತ.”

ದೇವಕ್ಕ ಸೂಜಿಯ ಗಾಯಗಳಿಂದ ಗಂಟುಗಂಟಾದ ಕೈಯನ್ನು ಸೆರಗಿನೊಳಗಿನಿಂದ ತೆಗೆದು ಕಸ್ತೂರಿಯ ಮಂಡಿಯ ಮೇಲೆ ಇಟ್ಟಳು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು.

ಆಗ ಬಾಗಿಲು ತೆರೆದು ನರ್ಸು ಮುಂದಿನ ಹೆಸರು ಕೂಗಿದಳು. ಆಚೆಯ ಬೆಂಚಿನಿಂದ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಎದ್ದಳು, ಮುಖ ಬಿಳಿಚಿಕೊಂಡಿತ್ತು. ಅವಳ ಜೊತೆಗೇ ದಪ್ಪ ಅಂಚಿನ ಸೀರೆಯ ಅತ್ತೆಯೂ ಎದ್ದು, ಸೊಸೆಯ ತೋಳು ಹಿಡಿದು, “ನಡಿ, ನಾನೂ ಬರತೀನಿ, ಏನ ಹೇಳಬೇಕು ನೆನಪೈತಿಲ್ಲ?” ಎನ್ನುತ್ತ ಬಾಗಿಲ ಕಡೆ ಹೊರಟಳು.

“ಯಕ್ಕಾರ,” ಅಂದಳು ದೇವಕ್ಕ, ಗೋಡೆ ದಾಟುವ ಆ ದನಿಯಲ್ಲಿ. “ಆ ಸೀರಿ ಇಳಕಲ್ಲಿಂದೇನ್ರಿ? ಬರ್ರಿ ಇಲ್ಲೆ, ಕುಂದರ್ರಿ ಸ್ವಲ್ಪ, ಸೆರಗ ತೋರ್ಸರಿ.”

ಅತ್ತೆ ತಿರುಗಿ ನೋಡಿದಳು. ಕಸ್ತೂರಿ ಆಗಲೇ ಸರಿದು ನಡುವೆ ಜಾಗ ಮಾಡಿದ್ದಳು. ತೋಳಿನ ಹಿಡಿತ ಸಡಿಲಾಯಿತು. ಸೊಸೆ ಒಬ್ಬಳೇ ಒಳಗೆ ಹೋದಳು, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.